ಹಿತ್ತಿಲ ದೊಡ್ಡಮ್ಮನ ವಿಚಾರಣೆ

ಮಕ್ಕಳ ರಕ್ಷಣಾ ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೆತ್ತಗಿನಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಒಮ್ಮೆಯೂ ದನಿ ಏರಿಸಿದವಳಲ್ಲ, ಫಾರಂನಲ್ಲಿ ಒಂದು ಸುಳ್ಳು ಬರೆದವಳಲ್ಲ. ಅದಕ್ಕೇ ಆ ಸಲ ಕಚೇರಿಯೇ ಕಕ್ಕಾಬಿಕ್ಕಿಯಾಯಿತು.

ತಂದೆತಾಯಿಯಿಲ್ಲದ ಐದು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಮನೆಯಲ್ಲಿದ್ದಳು. ಮನೆಯಲ್ಲಿ ಮೂವರು ಹಿರಿಯರಿಲ್ಲದಿದ್ದರೆ ಮಗುವನ್ನು ಅನಾಥಾಲಯಕ್ಕೆ ಸೇರಿಸಬೇಕೆಂದು ಹೊಸ ನಿಯಮ ಬಂತು. ಅಲ್ಲಿದ್ದವರು ಅಜ್ಜಿ ಮತ್ತು ಸೋದರಮಾವ, ಇಬ್ಬರೇ. ಮೆತ್ತಗಿನಕ್ಕ ಪೋಷಕರ ಫಾರಂನ ಮೂರನೆಯ ಸಾಲಿನಲ್ಲಿ ಹಿತ್ತಿಲ ಬಂಡೆಯನ್ನು ಬರೆದಳು. ಸಂಬಂಧ: ದೊಡ್ಡಮ್ಮ.

ಅಜ್ಜಿಯದೂ ಮೆತ್ತಗಿನಕ್ಕನದೂ ಒಂದೇ ಕುಲ. ಮನೆ ಕಟ್ಟುವ ಮೊದಲೇ ಅಲ್ಲಿ ಯಾರಿದ್ದರೋ ಅವರೇ ಮನೆಗೆ ಹಿರಿಯರು ಎಂಬುದು ಅವರ ತಿಳಿವಳಿಕೆ. ಮೆತ್ತಗಿನಕ್ಕನೂ ಅಂಥದೊಂದು ಬಂಡೆಯ ಮಡಿಲಲ್ಲಿ ಆಡಿ ಬೆಳೆದವಳು. ದೊಡ್ಡಮ್ಮನನ್ನು ಬಿಟ್ಟು ಬರೆದಿದ್ದರೇ ಅವಳ ಪಾಲಿಗೆ ಸುಳ್ಳಾಗುತ್ತಿತ್ತು.

ಸೋಮವಾರ ಮೇಲಧಿಕಾರಿ ತಾನೇ ವಿಚಾರಣೆಗೆ ಬಂದ. ನಿಯಮವೆಂದರೆ ಪ್ರಾಣ ಬಿಡುವ ಮನುಷ್ಯ. ಅಜ್ಜಿ ಹಿತ್ತಿಲಲ್ಲಿ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

"ಎಲ್ಲಿದ್ದಾರಮ್ಮಾ ಮೂರನೆಯವರು?"

"ಅಲ್ಲೇ ಕೂತಿದ್ದಾರಲ್ಲ ಸಾರ್," ಎಂದಳು ಮೆತ್ತಗಿನಕ್ಕ.

ಅಧಿಕಾರಿ ಬಂಡೆಯನ್ನು ನೋಡಿದ. "ತಲೆಗಿಲೆ ಕೆಟ್ಟಿದೆಯಾ ನಿಮಗೆ?"

"ಫಾರಂನಲ್ಲಿರೋದನ್ನ ಕೇಳಿ ಸಾರ್. ಒಂದು ಪ್ರಶ್ನೆಗೆ ತಪ್ಪಿದ್ರೂ ಆ ಸಾಲನ್ನ ನಾನೇ ಹೊಡೆದು ಹಾಕ್ತೀನಿ."

ಪೋಷಕರು ಮನುಷ್ಯರೇ ಎಂದು ಕೇಳುವ ಖಾನೆಗಾಗಿ ಅವನು ನಾಲ್ಕೂ ಪುಟ ತಿರುವಿದ. ಇರಲಿಲ್ಲ. ಇಲ್ಲದ ಪ್ರಶ್ನೆಯನ್ನು ಕೇಳುವ ಜಾಯಮಾನ ಅವನದಲ್ಲ.

"ಕುಡಿತ?"

"ಇಲ್ಲ."

"ಕೇಸು, ಗಲಾಟೆ?"

"ಯಾರ ಗೊಡವೆಗೂ ಹೋದವರಲ್ಲ."

"ಮಗು ಒಂದನ್ನೇ ಬಿಟ್ಟು ಹೊರಗೆ ಹೋಗ್ತಾರಾ?"

"ಇದುವರೆಗೂ ಹೋಗಿಲ್ಲ," ಎಂದಳು ಅಜ್ಜಿ. "ನಾಪತ್ತೆ ಆಗೋನು ಇವನೇ."

"ನನ್ನನ್ಯಾಕೆ ಎಳೀತೀಯವ್ವ ಮಧ್ಯ," ಎಂದು ಸೋದರಮಾವ ಗೊಣಗಿದ.

"ಮಗೂಗೆ ಪೆಟ್ಟು ಕೊಟ್ಟದ್ದುಂಟಾ?"

"ಅವರ ಮೇಲಿಂದ ಜಾರಿ ಮಂಡಿ ತರಚಿಕೊಂಡಿದ್ಲು. ತಪ್ಪು ಇವಳದೇ. ಬೇಡ ಅಂದ್ರೂ ಹತ್ತಿದ್ಲು," ಎಂದಳು ಅಜ್ಜಿ.

ಅಧಿಕಾರಿ ಅದನ್ನೂ ಬರೆದುಕೊಂಡ.

ಕೊನೆಗೆ ಉಳಿದದ್ದು ಒಪ್ಪಿಗೆ. ಹದಿನೈದು ನಿಮಿಷದೊಳಗೆ ಆಕ್ಷೇಪಿಸದ ಪೋಷಕರು ಒಪ್ಪಿದಂತೆಯೇ ಲೆಕ್ಕ. "ಆಕ್ಷೇಪಣೆ ಇದ್ರೆ ಹೇಳಿ," ಎಂದು ಬಂಡೆಗೆ ತಿಳಿಸಿ ಅವನು ಗಡಿಯಾರ ನೋಡುತ್ತ ನಿಂತ. ಒಂಬತ್ತನೆಯ ನಿಮಿಷಕ್ಕೆ ಅವನ ಕಾಲು ಸೋತು, ಮೆಲ್ಲಗೆ ಬಂಡೆಗೆ ಒರಗಿದ.

"ದೊಡ್ಡವರ ಮೈಮೇಲೆ ಹಾಗೆ ಬೀಳಬಾರದು ಸಾರ್," ಎಂದಳು ಮೆತ್ತಗಿನಕ್ಕ.

"ಸಾರಿ," ಎಂದು ನೆಟ್ಟಗಾದ. ಯಾರಿಗೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

ಹದಿನೈದು ನಿಮಿಷ ಕಳೆಯಿತು. ಯಾರೂ ಆಕ್ಷೇಪಿಸಲಿಲ್ಲ. ಅಧಿಕಾರಿ ಸಹಿ ಹಾಕಿದ. ಅಜ್ಜಿಯ ಕೈಯಿಂದ ಬಿಡಿಸಿಕೊಂಡ ಮಗು ಸರಸರನೆ ದೊಡ್ಡಮ್ಮನ ಹೆಗಲೇರಿತು.

ಮೂರು ತಿಂಗಳಿಗೊಮ್ಮೆ ಪ್ರತಿ ಪೋಷಕರೊಡನೆ ಅರ್ಧ ಗಂಟೆ ಪ್ರತ್ಯೇಕವಾಗಿ ಮಾತಾಡಬೇಕೆಂಬ ನಿಯಮವೂ ಇದೆ. ಮೆತ್ತಗಿನಕ್ಕ ತಪ್ಪದೆ ಹೋಗುತ್ತಾಳೆ. ಅಜ್ಜಿಯನ್ನು ಒಳಗೆ ಕಳಿಸಿ ಬಂಡೆಯ ಪಕ್ಕ ಕೂರುತ್ತಾಳೆ. ಆಮೇಲೆ ವರದಿ ಬರೆಯುತ್ತಾಳೆ: ಮಗು ಚೆನ್ನಾಗಿದೆ. ದೊಡ್ಡಮ್ಮ ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು.