ಕೊರಮೀನು ಕೊಳ್ಳದ ಗೌಹರ್

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದೆ ಕೆರೆ ಮೀನು ಮಾರುವ ಗೌಹರ್ ಸಮುದ್ರವನ್ನು ಮೊದಲು ನೋಡಿದ್ದು ಸರ್ಕಾರದ ಖರ್ಚಿನಲ್ಲಿ. ಮೀನುಗಾರಿಕೆ ಇಲಾಖೆಯವರು ಮೀನು ವ್ಯಾಪಾರದ ಹೆಂಗಸರನ್ನು ತರಬೇತಿಗೆಂದು ಮಂಗಳೂರಿಗೆ ಕರೆದೊಯ್ದಿದ್ದರು. ಮುಂಗಾರು ಹಿಡಿದಿತ್ತು. ದಕ್ಕೆಯಲ್ಲಿ ಬೋಟುಗಳೆಲ್ಲ ಸಾಲಾಗಿ ಕಟ್ಟಿಹಾಕಿಸಿಕೊಂಡು ಸುಮ್ಮನೆ ನಿಂತಿದ್ದವು.

"ಇಷ್ಟು ಬೋಟು ಇಟ್ಕೊಂಡು ಯಾಕಮ್ಮ ಸುಮ್ನೆ ಕೂತಿದ್ದೀರ?" ಎಂದು ಅಲ್ಲಿ ಒಣಮೀನು ಮಾರುತ್ತಿದ್ದ ಹೆಂಗಸನ್ನು ಕೇಳಿದಳು.

"ಮೀನು ಮೊಟ್ಟೆ ಇಡುವ ಸಮಯ. ಬೋಟು ಬಿಡಲಿಕ್ಕಿಲ್ಲ. ಈಗಲೇ ಬಾಚಿದರೆ ಆಮೇಲೆ ಹಿಡಿಯಲಿಕ್ಕೆ ಎಂತ ಉಂಟು?"

ಮೀನನ್ನು ಹೋಳು ಮಾಡಿ, ಮುಳ್ಳು ಬಿಡಿಸಿ, ಮಸಾಲೆ ಹಚ್ಚಿ ಮಾರುವುದನ್ನು ತರಬೇತಿಯಲ್ಲಿ ಕಲಿಸಿದರು. ಸಹಾಯಧನದಲ್ಲಿ ಐಸ್ ಪೆಟ್ಟಿಗೆಯೂ ಸಿಕ್ಕಿತು. ಆದರೆ ಊರಿಗೆ ಮರಳಿದ ಗೌಹರ್‌ಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಆ ಹೆಂಗಸಿನ ಮಾತು.

ತಾಯಲೂರಿನ ಕಡೆ ಕೆರೆ ಗುತ್ತಿಗೆ ಹಿಡಿದಿದ್ದ ಸೊಣ್ಣಪ್ಪ ಎಂದಿನಂತೆ ಬಕೆಟ್ಟಿನಲ್ಲಿ ಜೀವಂತ ಕೊರಮೀನು ತಂದ. ಮಳೆ ಬಿದ್ದರೆ ಅದು ಮರಿ ಮಾಡುವ ಕಾಲ. ಕೆಂಪು ಮರಿಗಳು ಗುಂಪಾಗಿ ಮೇಲೆ ಆಡುತ್ತಿದ್ದರೆ ತಾಯಿತಂದೆ ಕೆಳಗೆ ಕಾವಲಿರುತ್ತವೆ. ಗಾಳ ಹತ್ತಿರ ಬಂದರೆ ಮೇಲೆ ಬಿದ್ದು ಸಿಕ್ಕಿಕೊಳ್ಳುತ್ತವೆ. ಮರಿಗಳು ಬೇರೆ ಮೀನಿನ ಹೊಟ್ಟೆ ಸೇರುತ್ತವೆ. ಇಬ್ಬರಿಗೂ ಗೊತ್ತಿದ್ದ ವಿಷಯವೇ.

"ಮಳೆಗಾಲ ಮುಗಿಯೋವರ್ಗೂ ಕೊರಮೀನು ತಗೊಳಲ್ಲ ಅಣ್ಣ."

"ನೀನಲ್ದಿದ್ರೆ ಇನ್ನೊಬ್ರು ತಗೊಂತಾರೆ. ಇದೇನು ಸಮುದ್ರನಾ?"

"ಸಮುದ್ರಕ್ಕೇ ರಜ ಕೊಡ್ತಾರೆ. ನಮ್ಮ ಕೆರೆ ಎಷ್ಟರದು?"

ಸೊಣ್ಣಪ್ಪ ಬಕೆಟ್ಟು ಎತ್ತಿಕೊಂಡು ಎದುರಂಗಡಿಗೆ ಹೋದ. ಗಿರಾಕಿಗಳೂ ಹಿಂದೆಯೇ ಹೋದರು. ಒಬ್ಬಳು ಬಿಟ್ಟರೆ ಕೆರೆ ಉಳಿಯುತ್ತದೆಯೇ ಎಂದು ಗಂಡ ಲಿಯಾಖತ್ ಗೊಣಗಿದ. ಮರುದಿನ ಬೆಳಗಿನ ಬಸ್ಸಿಗೇ ಗೌಹರ್ ಸೊಣ್ಣಪ್ಪನ ಕೆರೆಗೆ ಹೋದಳು.

ಏರಿಯ ಮೇಲೆ ಬಲೆಗೆ ಸಿಕ್ಕ ಅಗ್ಗದ ಜಿಲೇಬಿ ಮೀನಿನ ರಾಶಿ ಬಿದ್ದಿತ್ತು. ಅದನ್ನು ಕೇಳುವವರೇ ಇರಲಿಲ್ಲ.

"ಇದಷ್ಟೂ ದಿನಾ ನಾನೇ ತಗೊಂತೀನಿ. ನೀನು ಗಾಳ ಮೇಲಿಡು."

"ಏಮಮ್ಮಾ, ಬರೀ ಮುಳ್ಳು. ಏನ್ ಮಾಡ್ತೀಯ?"

"ಅದು ನನ್ನ ತಲೆನೋವು."

ತರಬೇತಿಯಲ್ಲಿ ಕಲಿತಂತೆ ಮುಳ್ಳು ಬಿಡಿಸಿ ಮಸಾಲೆ ಹಚ್ಚಲು ಕೂತಳು. ಮೊದಲ ಸಲ ಉಪ್ಪು ಮಿತಿಮೀರಿತು, ಎಲ್ಲ ಚೆಲ್ಲಿದಳು. ಮತ್ತೊಮ್ಮೆ ಮುಳ್ಳು ಉಳಿದು ಬೈಗುಳ ತಿಂದಳು. ಕೈ ಕುಯ್ದುಕೊಂಡರೂ ಕತ್ತಿ ಬಿಡಲಿಲ್ಲ. ಕೊನೆಗೆ ಹೆದ್ದಾರಿ ಢಾಬಾದ ಕದಿರೇಶ್ ಒಂದು ಹೋಳು ಕರಿದು ತಿಂದು, ನಾಳೆಯಿಂದ ತನಗೆ ಎತ್ತಿಡಲು ಹೇಳಿದ. ಕೆಲಸ ಮುಗಿಸಿ ಬರುವ ಹೆಂಗಸರು, ಮನೆಗೆ ಹೋಗಿ ಕರಿದರೆ ಸಾಕೆಂದು ಸಂಜೆ ಬಂದು ನಿಲ್ಲತೊಡಗಿದರು. ಸೊಣ್ಣಪ್ಪ ಗಾಳ ಸುತ್ತಿಟ್ಟ. ಪಕ್ಕದೂರಿನವರು ಗಾಳ ತಂದಾಗ ಅವನೇ ಜಗಳವಾಡಿ ಓಡಿಸಿದ.

ಎದುರಂಗಡಿಗೆ ಬೇರೆ ಕೆರೆಗಳಿಂದ ಕೊರಮೀನು ಬರುತ್ತಲೇ ಇತ್ತು. ಹಾಗಾಗಿ ಮಂಗಳೂರಿನ ಮುಂದಿನ ತರಬೇತಿಗೆ ಕೆರೆ ಗುತ್ತಿಗೆ ಹಿಡಿದ ಗಂಡಸರನ್ನೇ ಕಳಿಸಬೇಕೆಂದು ಗೌಹರ್ ಇಲಾಖೆಗೆ ಹೋಗಿ ಪಟ್ಟು ಹಿಡಿದಳು. ಮೊದಲ ಹೆಸರು ಸೊಣ್ಣಪ್ಪನದೇ ಕೊಟ್ಟಳು.

"ಘಾಟಿ ಇಳಿಯೋವಾಗ ನಂಗೆ ವಾಂತಿ ಆಗ್ತದೆ ಕಣಮ್ಮ" ಎಂದ ಅವನು.

"ನಿಂಬೆಹಣ್ಣು ಇಟ್ಕೊಂಡು ಹೋಗಣ್ಣ" ಎಂದಳು ಗೌಹರ್.