ಮರೆಮ್ಮನಿಗೆ ತೋರಿಸಬೇಕಾದ ಊರು

ಸಂಜೆ ನಾಲ್ಕಾಯಿತೋ ಇಲ್ಲವೋ, ಮರೆಮ್ಮ ಕುರ್ಚಿಯಿಂದ ಎದ್ದು ಸೀರೆ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಇವತ್ತ ಸ್ಲ್ಯಾಬ್ ಅದ. ಬಿಡ್ರಿ ನನ್ನ, ಮುಕಾದಮ ಬೈತಾನ."

ಕಾಂಕ್ರೀಟು ಸುರಿಯುವ ಸ್ಲ್ಯಾಬೂ ಇಲ್ಲ, ಕೂಲಿಯವರನ್ನು ದುಡಿಸುವ ಮುಕಾದಮನೂ ಇಲ್ಲ. ಅದು ಪುಣೆಯ ಕೋಥರೂಡದ ಹಳೆಯ ಬಂಗಲೆಯೊಂದರ ತಳಮಹಡಿ. ನೆನಪು ಕಳೆದುಕೊಳ್ಳುತ್ತಿರುವ ಹದಿನಾಲ್ಕು ಮಂದಿ ಹಿರಿಯರು ಹಗಲು, ಸಂಜೆ ಕಳೆಯಲು ಬರುವ ಜಾಗ. ನಿವೃತ್ತ ಪ್ರಾಧ್ಯಾಪಕರು, ಬ್ಯಾಂಕಿನಲ್ಲಿದ್ದವರು, ಹಾರ್ಮೋನಿಯಂ ಕಲಿಸುತ್ತಿದ್ದ, ಎಲ್ಲರೂ ಬಾಯಿ ಎಂದು ಕರೆಯುವ ಒಬ್ಬ ಮರಾಠಿ ಹೆಂಗಸು. ಇವರ ನಡುವೆ ತಲೆಯ ಮೇಲೆ ಇಟ್ಟಿಗೆ ಹೊತ್ತು ಬದುಕಿದವಳು ಮರೆಮ್ಮ ಒಬ್ಬಳೇ. ಮಗಳು ಅನುಸೂಯಾ ಅಲ್ಲಿ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳಲ್ಲ, ಆ ಋಣಕ್ಕೆ ತಾಯಿಗೂ ಒಂದು ಕುರ್ಚಿ ಸಿಕ್ಕಿತ್ತು.

ಆದರೆ ಆ ಕುರ್ಚಿಯಲ್ಲಿ ಅವಳು ಕೂತಿದ್ದರೆ ತಾನೆ? ಒಂದು ದಿನ ಒಬ್ಬ ಪ್ರಾಧ್ಯಾಪಕರ ಮುಂದಿದ್ದ ತಟ್ಟೆಯನ್ನು ಉಪ್ಪಿಟ್ಟಿನ ಸಮೇತ ಎತ್ತಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಲು ಹೊರಟಳು. ತಡೆಯಲು ಹೋದ ದಾದಿಯನ್ನು ನೂಕಿದಳು. ಪ್ರಾಧ್ಯಾಪಕರು ಮಗುವಿನ ಹಾಗೆ ಅಳತೊಡಗಿದರು. ಅವತ್ತು ಕೇಂದ್ರ ನಡೆಸುವ ಲೀಲಾಕ್ಷಿ ಅನುಸೂಯಾಳನ್ನು ಪಕ್ಕಕ್ಕೆ ಕರೆದರು. ಮಂಗಳೂರು ಕಡೆಯವರು, ಕೆಟ್ಟವರಲ್ಲ.

"ನಾನು ಎಷ್ಟೂಂತ ಸುಧಾರಿಸ್ಲಿ ಅನುಸೂಯಾ? ಉಳಿದವರ ಮನೆಯವ್ರು ಬಂದು ಗಲಾಟೆ ಮಾಡ್ತಿದ್ದಾರೆ. ಈ ತಿಂಗಳ ಕೊನೆವರೆಗೆ ನೋಡುವ. ಸಂಜೆ ಹೊತ್ತು ಅಮ್ಮ ಸುಮ್ಮನಾಗದಿದ್ರೆ ನೀವು ಬೇರೆ ದಾರಿ ನೋಡ್ಬೇಕು."

ಬೇರೆ ದಾರಿ ಯಾವುದೆಂದು ಅನುಸೂಯಾಗೆ ಚೆನ್ನಾಗಿ ಗೊತ್ತಿತ್ತು. ಈ ಜಾಗ ಸಿಗುವ ಮೊದಲು ಆರು ತಿಂಗಳು ಅದೇ ದಾರಿಯಲ್ಲಿ ನಡೆದಿದ್ದಳು. ಗಂಡ ದತ್ತು ಲೋಣಾವಳಾದ ಹೋಟೆಲಿನಲ್ಲಿ ಅಡುಗೆಯವನು, ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಅವಳಿಗೆ ಸಂಜೆ ನಾಲ್ಕು ಮನೆಗಳ ಅಡುಗೆ. ಬಾಗಿಲು ಹಾಕಿ ಹೋದರೆ ಮರೆಮ್ಮ ಚಿಲಕ ಮುರಿದು ಹೊರಗೆ. ಒಮ್ಮೆ ಅರ್ಧ ಕಟ್ಟಿದ ಕಟ್ಟಡದ ಮೂರನೇ ಮಹಡಿಯ ಅಂಚಿನಲ್ಲಿ ಸಿಕ್ಕಳು. ಅಂದಿನಿಂದ ಅನುಸೂಯಾ ಒಂದು ಹಳೆಯ ಸೀರೆಯಿಂದ ತಾಯಿಯ ಕಾಲನ್ನು ಮಂಚದ ಕಾಲಿಗೆ ಕಟ್ಟಿ ಕೆಲಸಕ್ಕೆ ಹೋಗತೊಡಗಿದಳು. ಒಂದು ಸಂಜೆ ಬಂದು ನೋಡಿದರೆ, ಜಗ್ಗಿ ಜಗ್ಗಿ ಗಂಟು ಬಿಗಿದು ಪಾದ ನೀಲಿಗಟ್ಟಿ ಬಾತಿತ್ತು. ಮರೆಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಕಟ್ಟಿದ್ದು ಯಾರೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅನುಸೂಯಾ ಆ ಸೀರೆಯನ್ನು ಒಲೆಗೆ ಹಾಕಿದಳು. ಮತ್ತೆ ಇವಳನ್ನು ಕಟ್ಟಲಾರೆ ಅಂದುಕೊಂಡಳು. ಈಗ ತಿಂಗಳು ಮುಗಿಯಲು ಮೂರು ವಾರ ಇತ್ತು.

ಆಗ ಮುಂದೆ ಬಂದವನು ಶಮಂತ್. ಬೆಂಗಳೂರಿನ ಹುಡುಗ, ಹಿಂಜವಡಿಯಲ್ಲಿ ಐಟಿ ಕೆಲಸ. ಶನಿವಾರ ಶನಿವಾರ ವಿಆರ್ ಹೆಡ್‌ಸೆಟ್ ಹಿಡಿದು ಕೇಂದ್ರಕ್ಕೆ ಬರುತ್ತಿದ್ದ. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಸುತ್ತ ಬೇರೆಯೇ ಒಂದು ಜಾಗ. ಕತ್ತು ತಿರುಗಿಸಿದ ಕಡೆಯೆಲ್ಲ ಅದೇ ಕಾಣುತ್ತದೆ, ಅಲ್ಲಿನ ಸದ್ದೇ ಕೇಳುತ್ತದೆ. ಹಾರ್ಮೋನಿಯಂ ಬಾಯಿ ತನ್ನ ಹಳೆಯ ವಾಡೆಯ ಅಂಗಳ ನೋಡಿ ಅರ್ಧ ಗಂಟೆ ಹಾಡಿದ್ದರು.

"ಅಕ್ಕ, ಅಜ್ಜಿದು ಊರು ಯಾವ್ದು ಹೇಳಿ. ನಾನೇ ಹೋಗಿ ಶೂಟ್ ಮಾಡ್ಕೊಂಡು ಬರ್ತೀನಿ."

"ಯಾದಗಿರಿ ಹತ್ತರ ಅದರಿ. ಅಷ್ಟು ದೂರ ಯಾಕ್ರಿ ಸರ, ತ್ರಾಸ ಆಗ್ತದ."

"ಅಯ್ಯೋ, ಸರ್ ಅನ್ಬೇಡಿ. ಒಂದು ರಾತ್ರಿ ಟ್ರೈನು, ಅಷ್ಟೇ."

ಹೋದ. ಬಂದ. ಮರೆಮ್ಮ ಹುಟ್ಟಿದ ಮನೆ, ಬಾವಿ, ಕಟ್ಟೆ, ಬೇವಿನ ಮರ ಎಲ್ಲ ಹಿಡಿದು ತಂದ. ಅನುಸೂಯಾ ಎದೆ ಹಿಡಿದುಕೊಂಡು ನೋಡುತ್ತಿದ್ದಳು. ಹೆಡ್‌ಸೆಟ್ಟಿನೊಳಗೆ ಮರೆಮ್ಮ ಅತ್ತ ಇತ್ತ ತಿರುಗಿದಳು.

"ಇದು ಯಾರ ಊರು?"

"ನಿಮ್ದೇ ಅಜ್ಜಿ. ನಿಮ್ಮ ಮನೆ ಅದು."

"ಹುಚ್ಚಗಿಚ್ಚ ಹಿಡದದೇನು ನಿನಗ? ಮಂದಿ ನೋಡು, ಕಟ್ಟಿ ಮ್ಯಾಲ ಸುಮ್ನ ಕುಂತಾರ. ಕೆಲಸ ಇಲ್ಲ, ಬೊಗಸಿ ಇಲ್ಲ. ತಗಿ ಇದನ್ನ, ನಂಗ ಸ್ಲ್ಯಾಬಿಗಿ ಹೊತ್ತಾಯ್ತು!"

ಕಿತ್ತೆಸೆದು ಎದ್ದಳು. ಅವತ್ತು ಅವಳನ್ನು ಹಿಡಿಯಲು ಮೂವರು ಬೇಕಾಯಿತು. ಲೀಲಾಕ್ಷಿ ಗೋಡೆಯ ಕ್ಯಾಲೆಂಡರ್ ನೋಡಿದರು.

ಮರುದಿನ ರೊಟ್ಟಿ ಬಡಿಯುತ್ತಿದ್ದಾಗ ಅನುಸೂಯಾಗೆ ತನ್ನ ತಪ್ಪು ಹೊಳೆಯಿತು. ಊರು ಯಾವುದು ಅಂದರೆ ಎಲ್ಲರೂ ಹೇಳುವ ಹಾಗೆ ತಾನೂ ಹೇಳಿಬಿಟ್ಟಿದ್ದಳು. ಅವ್ವ ಆ ಊರಿನಲ್ಲಿ ಇದ್ದದ್ದು ಎಷ್ಟು ದಿನ? ಹದಿಮೂರಕ್ಕೆ ಮದುವೆ. ಗಂಡ ಹುಸೇನಪ್ಪ ಗೋಡೆ ಕಟ್ಟುವ ಗೌಂಡಿ. ಮದುವೆಯಾದ ತಿಂಗಳಿಗೇ ಪುಣೆಯ ರೈಲು. ಅಲ್ಲಿಂದ ನಲವತ್ತು ವರ್ಷ ಎಲ್ಲಿ ಬಿಲ್ಡಿಂಗೋ ಅಲ್ಲಿ ತಗಡಿನ ಪತ್ರಾದ ಶೆಡ್ಡು. ಎರಡು ವರ್ಷಕ್ಕೆ ಬಿಲ್ಡಿಂಗ್ ಮುಗಿದರೆ ಪತ್ರಾ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿ ಮುಂದಿನ ಸೈಟು. ವರ್ಷಕ್ಕೊಮ್ಮೆ ಜೇಜುರಿಗೆ ಹೋಗಿ ಖಂಡೋಬಾ ದೇವರ ಭಂಡಾರದ ಅರಿಶಿನ ತಂದು ಹೊಸ ಶೆಡ್ಡಿನ ಬಾಗಿಲಿಗೆ ಹಚ್ಚುವುದು. ಹುಸೇನಪ್ಪ ಸತ್ತದ್ದೂ ಅಂಥದ್ದೇ ಶೆಡ್ಡಿನಲ್ಲಿ, ಜ್ವರ ಬಂದು.

ಶಮಂತನಿಗೆ ಫೋನ್ ಮಾಡಿದಳು. "ನಾ ಊರು ತಪ್ಪು ಹೇಳೀನ್ರಿ. ನಮ್ಮವ್ವನ ಊರು ಸೈಟು."

"ಯಾವ ಸೈಟ್ ಅಕ್ಕ? ಈಗ್ಲೇ ಹೋಗೋಣ."

"ಎಲ್ಲಿ ಹೋಗ್ತೀರಿ? ನಮ್ಮ ಮನಿ ಇದ್ದಲ್ಲಿ ಈಗ ನಿಮ್ಮಂಥವರ ಕಾರ್ ನಿಂತಾವ."

ಶಮಂತ್ ಈಗ ಕಟ್ಟುತ್ತಿರುವ ಸೈಟೊಂದನ್ನು ಹುಡುಕತೊಡಗಿದ.

ಕೊನೆಗೆ ಬಾವಧನದ ಕಡೆ ಏಳುತ್ತಿದ್ದ ಒಂದು ಕಟ್ಟಡಕ್ಕೆ ಹೋದರು. ಅಲ್ಲಿದ್ದವರೂ ಯಾದಗಿರಿ ಕಡೆಯವರೇ. ಮಿಕ್ಸರಿನ ಗರಗರ, ಸಾಲಾಗಿ ತಲೆಯ ಮೇಲೆ ಕಾಂಕ್ರೀಟಿನ ಬೋಗುಣಿ ಹೊತ್ತು ಏರುವ ಹೆಂಗಸರು, ಪತ್ರಾದ ಶೆಡ್ಡಿನ ಮುಂದೆ ಮೂರು ಕಲ್ಲಿನ ಒಲೆ. ಶಮಂತ್ ನಡುವೆ ಕ್ಯಾಮೆರಾ ನಿಲ್ಲಿಸಿದ. ಅದರ ಪಕ್ಕದಲ್ಲೇ ಎರಡು ವರ್ಷದ ಹುಡುಗಿಯೊಂದು ಮರಳಿನಲ್ಲಿ ಆಡುತ್ತಿತ್ತು. ಅದರ ಕಾಲಿಗೆ ಸೀರೆಯ ಚೂರು, ಚೂರಿನ ಇನ್ನೊಂದು ತುದಿ ಒಂದು ದೊಡ್ಡ ಕಲ್ಲಿಗೆ.

"ಅಕ್ಕ, ಮಗೂನ ಯಾಕೆ ಹಂಗೆ ಕಟ್ಟಿದಾರೆ?"

"ಕಟ್ಟದಿದ್ರ ಲಿಫ್ಟಿನ ಗುಂಡ್ಯಾಗ ಬೀಳ್ತದ. ಎಲ್ಲಾರೂ ಕಟ್ತಾರ. ನನಗೂ ಕಟ್ತಿದ್ಲು ನಮ್ಮವ್ವ."

ಚಹಾ ಕುಡೀತೀರೇನು ಅಂದಷ್ಟು ಸಲೀಸಾಗಿ ಅಂದಳು.

ತಿಂಗಳ ಕೊನೆಯ ಶನಿವಾರ. ಸಂಜೆ ನಾಲ್ಕು. ಮರೆಮ್ಮ ಸೀರೆ ಸಿಕ್ಕಿಸುತ್ತಿದ್ದಂತೆಯೇ ಶಮಂತ್ ಹೆಡ್‌ಸೆಟ್ ತೊಡಿಸಿದ. ಮೊದಲು ಸುತ್ತ ನೋಡಿದಳು. ಆಮೇಲೆ ಬಾಗಿದ ಬೆನ್ನು ನೆಟ್ಟಗಾಯಿತು. ಕತ್ತು ಬಿಗಿಯಿತು. ಎಡಗೈ ತಾನಾಗಿ ಮೇಲೆದ್ದು, ತಲೆಯ ಮೇಲೆ ಇಲ್ಲದ ಬೋಗುಣಿಯನ್ನು ಹಿಡಿಯಿತು.

"ಏ ಶಿವಪ್ಪ! ಬೀಡಿ ಸೇದಿದ್ದು ಸಾಕು ಏಳೋ! ಮುಕಾದಮ ನೋಡಿದ್ರ ನಿನ್ನ ಮೀಸಿ ಬೋಳಸ್ತಾನ!"

ಕೇಂದ್ರದಲ್ಲಿ ಎಲ್ಲರೂ ನಕ್ಕರು. ಪ್ರಾಧ್ಯಾಪಕರೂ ನಕ್ಕರು. ಮರೆಮ್ಮ ನಗುತ್ತಿದ್ದಳು, ಬೈಯುತ್ತಿದ್ದಳು, ಯಾರಿಗೋ ನೀರು ಕೇಳುತ್ತಿದ್ದಳು. ಹದಿನೈದು ನಿಮಿಷವಾಯಿತು, ಕುರ್ಚಿ ಬಿಟ್ಟು ಏಳಲಿಲ್ಲ. ಲೀಲಾಕ್ಷಿ ಅನುಸೂಯಾಳ ಭುಜ ಒತ್ತಿದರು. ಉಳಿಯಿತು, ಕುರ್ಚಿ ಉಳಿಯಿತು ಅನ್ನಿಸಿ ಅನುಸೂಯಾಗೆ ಮೈಯೆಲ್ಲ ಹಗುರಾಯಿತು.

ಅಷ್ಟರಲ್ಲಿ ಮರೆಮ್ಮ ಕತ್ತು ಕೆಳಗೆ ತಿರುಗಿಸಿದಳು. ನಗು ನಿಂತಿತು.

"ಅನುಸೂಯಾ."

ಎರಡು ವರ್ಷದಿಂದ ಆ ಬಾಯಿಯಲ್ಲಿ ಬಾರದಿದ್ದ ಹೆಸರು. ಅನುಸೂಯಾ ಓಡಿ ಹೋಗಿ ಮೊಣಕಾಲೂರಿದಳು. "ಎವ್ವಾ, ಇಲ್ಲೇ ಅದೀನಿ."

ಮರೆಮ್ಮನಿಗೆ ಕೇಳಲಿಲ್ಲ. ಅವಳು ಮರಳಿನಲ್ಲಿ ಕೂತ ಆ ಕೂಸಿನ ಜೊತೆ ಮಾತಾಡುತ್ತಿದ್ದಳು. "ಕಾಲು ಬಾತದಲ್ಲೇ ನಿಂದು. ನಾನೇ ಕಟ್ಟೀನಿ, ನನ್ನ ಕೈ ಸೇದಿ ಹೋಗ್ಲಿ. ತಡಿ, ಬಿಚ್ತೀನಿ." ಬಾಗಿ ಗಾಳಿಯಲ್ಲಿ ಬೆರಳಾಡಿಸಿದಳು. ಗಂಟು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. "ಬಿಚ್ಚವಲ್ದು... ಯಾರರ ಬರ್ರೀ... ಕೂಸಿನ ಗಂಟು ಬಿಚ್ಚವಲ್ದು!" ದನಿ ಏರಿತು. ಉಳಿದವರು ಬೆದರಿ ಎದ್ದರು.

ಶಮಂತ್ ಹೆಡ್‌ಸೆಟ್ ತೆಗೆಯಲು ಬಂದ. ಅನುಸೂಯಾ ಅವನ ಕೈ ತಳ್ಳಿದಳು. ನೆಲದ ಮೇಲೆ ಕೂತು, ಹೆಗಲ ಮೇಲಿದ್ದ ಅಡುಗೆಮನೆಯ ವಸ್ತ್ರ ಎಳೆದು ತನ್ನ ಕಾಲಿಗೇ ಬಿಗಿದು ಗಂಟು ಹಾಕಿದಳು. ಕಾಲು ಚಾಚಿ ತಾಯಿಯ ಕೈಗಳ ಕೆಳಗಿಟ್ಟಳು.

ಬೆರಳುಗಳಿಗೆ ಗಂಟು ಸಿಕ್ಕಿತು. ಮರೆಮ್ಮ ಉಗುರು ಹಾಕಿ, ಉಸಿರು ಬಿಗಿಹಿಡಿದು ಬಿಚ್ಚಿದಳು. ಬೆರಳಿಗೆ ಉಗುಳು ಹಚ್ಚಿಕೊಂಡು ಆ ಕಾಲನ್ನು ತಿಕ್ಕಿದಳು, ಮೂವತ್ತೆಂಟು ವರ್ಷದ, ಹಿಮ್ಮಡಿ ಒಡೆದ ಕಾಲನ್ನು. "ಹೋಯ್ತು, ಹೋಯ್ತು. ಅಳಬ್ಯಾಡ." ಅಳುತ್ತಿದ್ದವಳು ಅನುಸೂಯಾ. ಒಲೆಗೆ ಹಾಕಿದ ಆ ಸೀರೆಯ ವಿಷಯ ಈಗ ಹೇಳಬೇಕೆನ್ನಿಸಿತು. ಯಾರಿಗೆ ಹೇಳುವುದು?

ಹೊರಡುವಾಗ ಲೀಲಾಕ್ಷಿ ಗೇಟಿನವರೆಗೆ ಬಂದರು. "ಸೋಮವಾರ ಕರ್ಕೊಂಡು ಬನ್ನಿ. ಮುಂದಿನ ತಿಂಗಳದ್ದು ಮುಂದಿನ ತಿಂಗಳು ನೋಡುವ." ಮರುದಿನ ಭಾನುವಾರ, ಕೇಂದ್ರಕ್ಕೆ ರಜೆ, ಅವಳಿಗೆ ಎರಡು ಮನೆ ಅಡುಗೆ; ಹೋದರೆ ಅವ್ವ ಮನೆಯಲ್ಲಿ ಒಬ್ಬಳೇ. ಅನುಸೂಯಾ ಅಲ್ಲೇ ನಿಂತು ಎರಡೂ ಮನೆಗೆ ಫೋನ್ ಮಾಡಿ, ಇನ್ನು ಭಾನುವಾರ ಬರುವುದಿಲ್ಲವೆಂದು ಮರಾಠಿಯಲ್ಲಿ ಹೇಳಿದಳು. ಒಬ್ಬ ಮನೆಯಾಕೆ, ಹಾಗಾದರೆ ಸೋಮವಾರವೂ ಬರಬೇಡ ಅಂದರು.

ಬಸ್ ಸ್ಟಾಪಿನ ಕಲ್ಲುಬೆಂಚಿನಲ್ಲಿ ಇಬ್ಬರೂ ಕೂತರು. ಮರೆಮ್ಮ ಪಕ್ಕದವಳ ಕೆಂಪಾದ ಕಣ್ಣು ನೋಡಿದಳು.

"ಯಾರ ಪೈಕಿ ನೀ? ಯಾಕ ಅಳ್ಲಿಕತ್ತಿ?"

"ಏನಿಲ್ರಿ."

"ನಿಮ್ಮವ್ವ ಎಲ್ಲಿ ಹೋಗ್ಯಾಳ?"

"ಕೆಲಸಕ್ಕ ಹೋಗ್ಯಾಳ್ರಿ."

"ಬರ್ತಾಳಂತೇನು?"

"ಗೊತ್ತಿಲ್ರಿ."

ಮರೆಮ್ಮ ಸರಿದು ಹತ್ತಿರ ಕೂತಳು. ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ಅಂಜಬ್ಯಾಡ. ಆಕಿ ಬರೂತನಕ ನಾ ಇಲ್ಲೇ ಕೂಡ್ತೀನಿ."

ಅವರ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ಅನುಸೂಯಾ ಎದ್ದು ಕೈ ಎಳೆದಳು. ಮರೆಮ್ಮ ಕದಲಲಿಲ್ಲ.