ಎರಡೇ ಎರಡು ಮಾತು

"ನಾನು ಚಿಕ್ಕವಳಿದ್ದಾಗ..." ಎಂದು ಬಾಯಿ ತೆರೆದರೆ ಸಾಕು, ನೀವಿಬ್ಬರೂ ಮೊಬೈಲ್ ಹುಡುಕುತ್ತೀರಿ. ಇವತ್ತು ಹುಡುಕಬೇಡಿ. ಮೊನ್ನೆ ನಿಮ್ಮ ಹೈಸ್ಕೂಲಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಅಜ್ಜಿ ಯಾಕೆ ಹಾಗೆ ಮಾಡಿದಳು ಎಂದು ಮುಖ ಊದಿಸಿಕೊಂಡು ಕೇಳುತ್ತಿದ್ದೀರಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆಗ ನಾನು ಕೋಲಸಿರ್ಸಿಯಿಂದ ಪೇಟೆಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಆ ವರ್ಷ ತಾಲೂಕು ಕ್ರೀಡಾಕೂಟದ ಓಟದಲ್ಲಿ ನಾನೇ ಮೊದಲು. ಬರಿಗಾಲಲ್ಲಿ, ಅಕ್ಕನ ಹಳೆಯ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದ್ದೆ. ಗ್ಯಾದರಿಂಗಿನ ದಿನ ವೇದಿಕೆಗೆ ಕರೆದು ಹೆಸರು ಕೊರೆಸಿದ ಸ್ಟೀಲ್ ತಟ್ಟೆ ಕೊಡುತ್ತಾರೆಂದು ತಿಳಿದು ಅಪ್ಪ ಗದ್ದೆ ಕೊಯ್ಲನ್ನೇ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನನಗೆ ತಟ್ಟೆಗಿಂತ ಹೆಚ್ಚಾಗಿ ಅಪ್ಪನ ಕಣ್ಣೆದುರು ವೇದಿಕೆ ಹತ್ತುವ ಆಸೆ.

ಮುಖ್ಯ ಅತಿಥಿಗಳು ಬಂದದ್ದೇ ಊಟದ ಹೊತ್ತು ಕಳೆದ ಮೇಲೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು. ಅತಿಥಿಗಳಿಗೆ ಹಾರ, ಅವರ ಜೊತೆ ಸುಮ್ಮನೆ ಬಂದವರಿಗೂ ಹಾರ! ಎಲ್ಲರೂ ಮೈಕಿನ ಮುಂದೆ ನಿಂತು "ಎರಡೇ ಎರಡು ಮಾತು ಹೇಳಿ ಮುಗಿಸುತ್ತೇನೆ" ಎನ್ನುವವರೇ. ಮುಗಿಸಿದವರು ಒಬ್ಬರೂ ಇಲ್ಲ. ಶಾಮಿಯಾನದ ಕೆಳಗೆ ಸೆಖೆ, ಬಾಡಿದ ಸೇವಂತಿಗೆಯ ವಾಸನೆ, ಹೊಟ್ಟೆಯಲ್ಲಿ ಹಸಿವು. ಮೇಜಿನ ಮೇಲೆ ನನ್ನ ತಟ್ಟೆ ಮಿರಮಿರ ಮಿಂಚುತ್ತ ಅಣಕಿಸುತ್ತಿತ್ತು.

ಹೊತ್ತು ಇಳಿಯಿತು. ನಮ್ಮೂರಿಗೆ ಹೋಗುವ ಕೊನೆಯ ಬಸ್ಸು ಹೊರಡುವ ಸಮಯವಾಯಿತು. ಅಪ್ಪ ಮೆಲ್ಲಗೆ ಮಾಸ್ತರರ ಬಳಿ ಹೋಗಿ, "ಮಾಸ್ತರ್ರೇ, ಬಸ್ಸು ಹೋಗ್ತದೆ. ಹುಡ್ರಿಗೆ ಮೊದ್ಲು ಕೊಟ್ಬಿಡಿ" ಎಂದು ಕೇಳಿಕೊಂಡ.

"ಬಹುಮಾನ ಯಾವಾಗ್ಲೂ ಕಡೆಗೇ ಮಾರಾಯ್ರೆ. ಮೊದ್ಲೇ ಕೊಟ್ರೆ ಎಲ್ಲರೂ ಎದ್ದು ಹೋಗ್ತಾರೆ. ಆಮೇಲೆ ಭಾಷಣ ಕೇಳೋರ್ಯಾರು?" ಎಂದರು ಮಾಸ್ತರರು.

ಅಪ್ಪ ಬಂದು ನನ್ನ ಭುಜ ಮುಟ್ಟಿದ. "ಏಳೇ ಕೂಸೇ, ಹೋಪನ. ಬಸ್ಸು ತಪ್ಪಿರೆ ನಡ್ಕಂಡೇ ಹೋಗಕಾಗ್ತು."

ಬಸ್ಸು ಶಾಲೆಯ ಮುಂದೆ ಹಾದುಹೋಗುವಾಗ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಚಪ್ಪಾಳೆಯೂ ಕೇಳಿಸಿತು. ಅಪ್ಪ ಕಿಟಕಿಯಾಚೆ ನೋಡುತ್ತ ಕೂತಿದ್ದ. ನನಗೆ ಅಳುವೂ ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು. ಮರುದಿನ ಆಫೀಸಿನ ಬಾಗಿಲಲ್ಲಿ ಜವಾನರು ಪೇಪರು ಸುತ್ತಿದ ತಟ್ಟೆಯನ್ನು ನನ್ನ ಕೈಗಿಟ್ಟರು. ಅಲ್ಲಿ ಅಪ್ಪ ಇರಲಿಲ್ಲ.

ನಿಮ್ಮ ಕಾಲ ಬೇರೆ ಬಿಡಿ. ಕೂಸೇ, ನೀನು ಶೂ ಹಾಕಿ ಓಡಿ ಜಿಲ್ಲೆಗೇ ಮೊದಲು ಬಂದೆ. ಗೆದ್ದ ಗಳಿಗೆಗೇ ನಿನ್ನ ಫೋಟೊ ಎಲ್ಲರ ಮೊಬೈಲಿಗೆ ಬಂತು. ಮನೆಗೆ ಬರಲು ಸ್ಕೂಟರ್ ಇದೆ. ಆದರೆ ಮೊನ್ನೆ ನೋಡಿದರೆ ಅದೇ ಶಾಮಿಯಾನ, ಅದೇ ಹಾರ, ಅದೇ ಎರಡೇ ಎರಡು ಮಾತು! ನೀನು ಹಸಿದು ತೂಕಡಿಸುತ್ತಿದ್ದೆ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಹುಡ್ರಿಗೆ ಮೊದ್ಲು ಕೊಡ್ರೋ!" ಎಂದು ಕೂಗಿಯೇಬಿಟ್ಟೆ. ನೀವಿಬ್ಬರೂ ನಾಚಿ ತಲೆ ತಗ್ಗಿಸಿದಿರಿ.

ಕೊಟ್ಟರು. ಕೊಟ್ಟದ್ದೇ ತಡ, ಸಭೆ ಖಾಲಿ. ಆ ಮಾಸ್ತರರು ಅಂದದ್ದು ಸುಳ್ಳಲ್ಲ. ಪಾಪ, ಅತಿಥಿಗಳು ಕುರ್ಚಿಗಳಿಗೆ ಭಾಷಣ ಮಾಡಬೇಕಾಯಿತು. "ನಡಿ ಅಜ್ಜಿ" ಎಂದು ನೀವು ಸೆರಗು ಜಗ್ಗಿದರೂ ನಾನು ಏಳಲಿಲ್ಲ, ಕೂತು ಪೂರ್ತಿ ಕೇಳಿದೆ. ನನಗೇನು ಅವಸರ? ನನ್ನನ್ನು ಅರ್ಧಕ್ಕೆ ಎಬ್ಬಿಸುವ ಬಸ್ಸು ಆವತ್ತೇ ಹೋಗಿತ್ತು.